ಕೊತ್ತಂಬರಿ ಇಲ್ಲದ ಸೂಪು

ಊಟಕ್ಕೆ ಕೂತಾಗ ಕೊತ್ತಂಬರಿ ಸೊಪ್ಪನ್ನು ಆರಿಸಿ ತಟ್ಟೆಯ ಅಂಚಿಗೆ ಗುಡ್ಡೆ ಹಾಕುವುದು ನನ್ನ ಹಳೆಯ ಚಟ. ಹೆತ್ತವ್ವ ಬೈದಳು, ಬಿಡಲಿಲ್ಲ. ಕಟ್ಟಿಕೊಂಡವರು ನಕ್ಕರು, ಬಿಡಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಬಿಸಿಯೂಟದ ಸಾಲಿನಲ್ಲಿ ನಿಂತು ‘ತಟ್ಟೆಯಲ್ಲಿ ಏನೂ ಬಿಡಬಾರದು ಮಕ್ಕಳೇ’ ಎಂದು ಉಪದೇಶ ಮಾಡಿ, ಮನೆಗೆ ಬಂದು ಸೊಪ್ಪು ಆರಿಸುತ್ತ ಕೂಡುತ್ತಿದ್ದೆ. ನಮ್ಮ ಕಲಬುರಗಿ ಕಡೆ ಇಂಥ ಚಟ ಇಟ್ಟುಕೊಂಡು ಬದುಕುವುದು ಸುಲಭವಲ್ಲ. ಮಂಡಕ್ಕಿಯ ಸುಸಲಾದಿಂದ ಹಿಡಿದು ಎಣ್ಣೆಗಾಯಿಯವರೆಗೆ, ಮೇಲೆ ಹಸಿರು ಉದುರಿಸದೆ ಯಾವುದನ್ನೂ ಇಲ್ಲಿ ಬಡಿಸುವುದಿಲ್ಲ. ಒಂದು ಮದುವೆಯಲ್ಲಿ ಬಡಿಸುವಾತ ನನ್ನ ಎಲೆಯ ಅಂಚು ನೋಡಿ, “ಮನ್ಯಾಗಿನ ಆಡಿಗಿ ಒಯ್ಯಾಕ ಇಟ್ಟೀರೇನ್ರಿ ಮೇಡಂ?” ಎಂದು ಕೇಳಿಯೇಬಿಟ್ಟ.

ಬೈಯದೆ, ನಗದೆ ಈ ಚಟವನ್ನು ಸುಮ್ಮನೆ ಒಪ್ಪಿಕೊಂಡವರು ಒಬ್ಬರೇ. ನಮ್ಮ ಅಣ್ಣನ ಹೆಂಡತಿ, ನೀಲಮ್ಮ ವೈನಿ. ಅವರು ಕಮಲಾಪುರದ ನಮ್ಮ ತವರುಮನೆಗೆ ಸೊಸೆಯಾಗಿ ಬಂದಾಗ ನನಗೆ ಹನ್ನೊಂದು ವರ್ಷ. ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ ನನ್ನ ತಟ್ಟೆಯ ಅಂಚು ನೋಡಿದರು. ಮಾರನೆಯ ದಿನದಿಂದ ಸಾರಿಗೆ ಕೊತ್ತಂಬರಿ ಹಾಕುವ ಮೊದಲೇ ಒಂದು ಸಣ್ಣ ವಾಟಿಯಲ್ಲಿ ನನ್ನ ಪಾಲು ತೆಗೆದಿಡತೊಡಗಿದರು. ಅದನ್ನು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಎಷ್ಟೋ ದಿನ ನಾನು ನಮ್ಮ ಮನೆಯಲ್ಲಿ ಕೊತ್ತಂಬರಿ ಖರ್ಚಾಗಿ ಹೋಗಿರಬೇಕು ಎಂದೇ ತಿಳಿದಿದ್ದೆ.

ಈ ವಾಟಿ ಈಗ ನೆನಪಾಗಲು ಕಾರಣ ಈ ಬೇಸಿಗೆಯಲ್ಲಿ ನಾನು ಉಂಡ ಮೂರು ಬಟ್ಟಲು ಸೂಪು. ಕಲಬುರಗಿಯ ಬೇಸಿಗೆಯಲ್ಲಿ ಯಾರಾದರೂ ಬಿಸಿ ಸೂಪು ಕುಡಿಯುತ್ತಾರೆಯೇ ಎಂದು ನೀವು ಕೇಳಬಹುದು. ನಮ್ಮ ಮನೆಯವರೂ ಕೇಳಿದರು. ಕಾರಣ ಹೇಳುತ್ತೇನೆ, ಸ್ವಲ್ಪ ತಾಳಿ.

ನನ್ನ ಎರಡನೆಯ ಮಗಳು ಪಲ್ಲವಿಯ ಮದುವೆ ಗೊತ್ತಾಗಿತ್ತು. ಒಂದು ಸಂಜೆ ಸೀರೆ, ಬಳೆ ಎಂದು ಪೇಟೆ ಸುತ್ತಿ, ಅವಳ ಸ್ಕೂಟಿಯ ಹಿಂದೆ ಚೀಲಗಳ ನಡುವೆ ಇನ್ನೊಂದು ಚೀಲವಾಗಿ ಕೂತಿದ್ದೆ. ಗಾಡಿ ಜೇವರ್ಗಿ ಕಾಲೋನಿಯ ನಮ್ಮ ಮನೆಯ ಕಡೆ ತಿರುಗಲಿಲ್ಲ.

“ಅಡಗಿ ಮಾಡೂದು ಇವತ್ತ ಬ್ಯಾಡವ್ವ. ಕುಸನೂರ ರೋಡಿಗಿ ಫುಡ್ ಕೋರ್ಟ್ ಆಗ್ಯದ. ಅಲ್ಲಿ ಕೈಲೆ ಮಾಡಿದ ನೂಡಲ್ಸ್ ಸೂಪ್ ಸಿಗ್ತದ” ಎಂದಳು.

ಕುಸನೂರ ಎಂದರೆ ನನ್ನ ಕಣ್ಣಿಗೆ ಈಗಲೂ ಜೋಳದ ಹೊಲ. ನಾನು ಯುನಿವರ್ಸಿಟಿಯಲ್ಲಿ ಓದುವಾಗ ಆ ದಾರಿಯಲ್ಲಿ ಎಮ್ಮೆಗಳು ನಮಗಿಂತ ಹೆಚ್ಚು ಗಾಂಭೀರ್ಯದಿಂದ ನಡೆಯುತ್ತಿದ್ದವು. ಈಗ ಅಲ್ಲಿ ತಗಡಿನ ಚಪ್ಪರದ ಕೆಳಗೆ ಹತ್ತು ಹನ್ನೆರಡು ಅಂಗಡಿಗಳು, ನಡುವೆ ಪ್ಲಾಸ್ಟಿಕ್ ಕುರ್ಚಿ ಮೇಜುಗಳು. ಒಂದು ಕಡೆ ಗೋಬಿ, ಒಂದು ಕಡೆ ಮೋಮೊ, ಒಂದು ಕಡೆ ಬೆಣ್ಣೆ ದೋಸೆ. ಕಾಲೇಜಿನ ಹುಡುಗ ಹುಡುಗಿಯರ ಗದ್ದಲ. ಪಲ್ಲವಿ ನನ್ನನ್ನು ಒಂದು ಮೂಲೆಯಲ್ಲಿ ಕೂಡಿಸಿ ಸೂಪು ತರಲು ಹೋದಳು.

ನಾನು ಸುಮ್ಮನೆ ಕೂತು ಆ ಸೂಪಿನ ಅಂಗಡಿಯ ಕಡೆ ನೋಡಿದೆ. ಕುದಿಯುವ ಪಾತ್ರೆಯ ಹಿಂದೆ ಒಂದು ಉದ್ದನೆಯ ಮರದ ಮಣೆ ಇಳಿಜಾರಾಗಿ ನಿಂತಿತ್ತು. ಅದರ ಮೇಲ್ತುದಿಯಲ್ಲಿ ಕೂತ ಹೆಂಗಸಿನ ಮುಖ ಉಗಿಯಲ್ಲಿ ಕಾಣುತ್ತಿರಲಿಲ್ಲ, ಕೈಗಳು ಮಾತ್ರ ಕಾಣುತ್ತಿದ್ದವು. ಎರಡೂ ಅಂಗೈ ಹಿಟ್ಟಿನ ಮೇಲೆ ಮುಂದೆ ಹಿಂದೆ ಓಡುತ್ತಿದ್ದವು, ಮಣೆಯ ಗೆರೆಗಳ ಮೇಲಿಂದ ಎಳೆ ಇಳಿಯುತ್ತಲೇ ಇತ್ತು. ಬಲಗೈಯ ಕಿರುಬೆರಳು ಮಾತ್ರ ಹಿಟ್ಟಿಗೆ ತಾಗದೆ ಮೇಲೆದ್ದು ನಿಂತಿತ್ತು.

ಆ ಕಿರುಬೆರಳು ನನಗೆ ಗೊತ್ತು.

ಶಾವಿಗೆ ಹೊಸೆಯುವುದನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಬೇಸಿಗೆ ಬಂತೆಂದರೆ ಓಣಿಯ ಹೆಂಗಸರೆಲ್ಲ ಸರದಿಯ ಮೇಲೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಿ ಶಾವಿಗೆ ಮಾಡಿಕೊಡುತ್ತಾರೆ. ಹಿಟ್ಟು ನಾದಿ ನಾದಿ ಹದ ಮಾಡುವವರು ಇಬ್ಬರು, ಮಣೆಯ ಮೇಲೆ ಕೂತು ಹೊಸೆಯುವವರು ಒಬ್ಬರು, ಕೆಳಗೆ ಕೂತು ಇಳಿದ ಎಳೆ ಹಿಡಿದು ಕೋಲಿನ ಮೇಲೆ ಹರವುವವರು ಒಬ್ಬರು. ಕಮಲಾಪುರದಲ್ಲಿ ನನ್ನ ಪಾಲಿಗೆ ಬರುತ್ತಿದ್ದದ್ದು ಮಾಳಿಗೆಯ ಮೇಲೆ ಒಣಹಾಕಿದ ಶಾವಿಗೆಗೆ ಕಾಗೆ ಬರದಂತೆ ಕಾಯುವ ಕೆಲಸ. ಕಾಗೆಗಿಂತ ಹೆಚ್ಚು ನಾನೇ ತಿನ್ನುತ್ತಿದ್ದೆ. ಹಸಿ ಶಾವಿಗೆ ತಿಂದು ಹೊಟ್ಟೆ ನೋವೆಂದು ಅತ್ತಾಗ ಅವ್ವ, “ಕಾಗಿ ಕಾಯ್ಲಾಕ ಕಾಗೀನೇ ಇಟ್ಟಂಗಾತು” ಎಂದು ಬೆನ್ನಿಗೊಂದು ಕೊಟ್ಟಿದ್ದಳು. ಒಂದು ವರ್ಷ ಎಳೆ ಹಿಡಿಯುವ ಕೆಲಸಕ್ಕೆ ಬಡ್ತಿ ಸಿಕ್ಕಿತು. ಗಳಿಗೆಗೊಮ್ಮೆ ಹರಿದೆ. ಮೇಲೆ ಹೊಸೆಯುತ್ತಿದ್ದ ವೈನಿ ಸಿಟ್ಟಾಗದೆ, “ಎಳೀಬ್ಯಾಡ ಸುನಂದಾ. ಅದು ತಾನೇ ಬರ್ತದ, ನೀ ಖಾಲಿ ಕೈ ಒಡ್ಡು” ಎಂದಿದ್ದರು. ನಮ್ಮ ಓಣಿಯಲ್ಲಿ ಯಾರ ಮನೆಯ ಮದುವೆ ಇದ್ದರೂ ಶಾವಿಗೆಗೆ ಮೊದಲು ಹೇಳಿಕಳಿಸುತ್ತಿದ್ದದ್ದು ವೈನಿಗೇ.

ಪಲ್ಲವಿ ಎರಡು ಬಟ್ಟಲು ತಂದಿಟ್ಟಳು. ನಾನು ಚೀಲ ಎತ್ತಿಕೊಂಡು ಎದ್ದೇ ನಿಂತಿದ್ದೆ.

“ನಡಿ, ಮನೀಗಿ ಹೋಗಮು. ಆಕಿ... ಅಲ್ಲಿ ವೈನಿ ಅದಾರ.”

“ಗೊತ್ತದವ್ವ. ಅದಕ್ಕೇ ಕರಕೊಂಡು ಬಂದೀನಿ. ಕೂಡು.”

ಮಗಳು ಆ ಧ್ವನಿಯಲ್ಲಿ ಮಾತಾಡಿದರೆ ನಾನು ಕೂಡುತ್ತೇನೆ. ನಾನು ಶಾಲೆಯಲ್ಲಿ ಬಳಸುತ್ತಿದ್ದ ಧ್ವನಿಯೇ ಅದು.

ಅವಳಿಗೆ ಎಲ್ಲ ಗೊತ್ತಿತ್ತು. ವೈನಿಯ ಮಗಳು ರೇಣುಕಾ ಕಮಲಾಪುರದಿಂದ ಬಂದು ಇಲ್ಲಿ ಅಂಗಡಿ ಹಾಕಿದ್ದು, ಅವ್ವನ ಕೈಯ ಶಾವಿಗೆಯನ್ನೇ ಸ್ವಲ್ಪ ದಪ್ಪಗೆ ಹೊಸೆಸಿ, ಒಣಗಿಸದೆ ಹಸಿಯದನ್ನೇ ಸೂಪಿಗೆ ಹಾಕುವ ಉಪಾಯ ಮಾಡಿದ್ದು, ದಿನಾಲು ಇಬ್ಬರೂ ಬಸ್ಸಿಗೆ ಬಂದು ಬಸ್ಸಿಗೆ ಹೋಗುವುದು, ಎಲ್ಲ. ಪಲ್ಲವಿ, ರೇಣುಕಾ ಇಬ್ಬರೂ ಫೋನಿನಲ್ಲಿ ಮಾತಾಡುತ್ತಲೇ ಇದ್ದರಂತೆ. ಏಳು ವರ್ಷ ಮಾತು ಬಿಟ್ಟದ್ದು ದೊಡ್ಡವರು ಮಾತ್ರ.

“ಬರೂ ಸೋಮವಾರ ನನ್ನ ಮದವಿ ಶಾವಿಗಿ ಅದಲ್ಲ” ಎಂದಳು ಪಲ್ಲವಿ. “ಮೊದಲ ಎಳಿ ನೀಲಮ್ಮತ್ತಿ ಕೈಲೆ ಆಗಬೇಕು. ಇಲ್ಲಂದ್ರ ನನಗ ಶಾವಿಗೀನೇ ಬ್ಯಾಡ, ಪಾಕೀಟು ತಂದು ಮಾಡ್ರಿ. ನಾ ಕರದ್ರ ಅತ್ತಿ ಬರೂದಿಲ್ಲ. ಅಂದಾಕಿ ನೀನು, ಕರಿಯಾಕಿನೂ ನೀನೇ.”

ಆ ಸಂಜೆಯ ಸೂಪಿನ ರುಚಿ ನನಗೆ ತಿಳಿಯಲಿಲ್ಲ. ಮುಳ್ಳುಚಮಚಕ್ಕೆ ಎಳೆ ಸಿಕ್ಕಲಿಲ್ಲ, ಸಿಕ್ಕದ್ದು ಜಾರಿ ಸೆರಗಿನ ಮೇಲೆ ಬಿತ್ತು. ಬಟ್ಟಲಿನ ಮೇಲೆ ಬಗ್ಗಿ ಮುಖ ಮುಚ್ಚಿಕೊಂಡು ಸುರ್ ಎಂದು ಎಳೆದುಕೊಂಡೆ. ಬೆವರು ಇಳಿಯುತ್ತಿತ್ತು, ಕಣ್ಣೊರೆಸಿಕೊಂಡರೂ ಯಾರೂ ಏನೂ ಅನ್ನುವಂತಿರಲಿಲ್ಲ. ಬೇಸಿಗೆಯ ಸೂಪಿನಿಂದ ಇಷ್ಟಾದರೂ ಉಪಯೋಗವಿದೆ.

ನಾನು ಅಂದದ್ದೇನು ಎಂಬುದನ್ನು ಈಗ ಹೇಳಲೇಬೇಕು. ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಏಳು ವರ್ಷದ ಹಿಂದೆ ನನ್ನ ಹಿರಿಯ ಮಗಳ ಮದುವೆ. ಅದಕ್ಕೆ ವರ್ಷದ ಮುಂಚೆ ನಮ್ಮ ಅಣ್ಣ ಹೊಲದಲ್ಲೇ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಶಾವಿಗೆಯ ದಿನ ವೈನಿ ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದರು. ಒಂದು ಕೈಯಲ್ಲಿ ನಮ್ಮೂರ ಕೆಂಪು ಬಾಳೆಹಣ್ಣಿನ ಚಿಪ್ಪು, ಇನ್ನೊಂದು ಬಗಲಲ್ಲಿ ತಮ್ಮ ಶಾವಿಗೆ ಮಣೆ. ಅಷ್ಟುದ್ದದ ಮಣೆಯನ್ನು ಬಸ್ಸಿನಲ್ಲಿ ಹೇಗೆ ತಂದರೋ! ಕಂಡಕ್ಟರ್ ಜಗಳಕ್ಕೆ ಬಂದನಂತೆ, “ಸೊಸಿ ಮದವಿ ಅದಪ್ಪ” ಎಂದದ್ದಕ್ಕೆ ಸುಮ್ಮನಾದನಂತೆ. ನಗುತ್ತಲೇ ಹೇಳಿದರು. ಸೆರಗು ಸಿಕ್ಕಿಸಿ, ಕೈ ತೊಳೆದು, ಮಣೆಯ ಮೇಲೆ ಕೂತು ಹಿಟ್ಟು ಕೈಗೆ ತೆಗೆದುಕೊಂಡೇಬಿಟ್ಟರು.

ಮದುವೆಯ ಶಾವಿಗೆಯ ಮೊದಲ ಎಳೆಯನ್ನು ಅರಿಶಿನದ ಕೊಂಬಿಗೆ ಸುತ್ತಿ ದೇವರ ಜಗಲಿಯ ಮೇಲೆ ಇಡುವುದು ನಮ್ಮ ಮನೆಯವರ ಕಡೆಯ ರೂಢಿ. ನಮ್ಮ ಮನೆಯವರ ದೊಡ್ಡವ್ವ ಗೋಡೆಗೆ ಒರಗಿ ಕೂತಿದ್ದರು. ಜೋರಾಗಿ ಏನೂ ಹೇಳಲಿಲ್ಲ. ನನ್ನನ್ನು ಹತ್ತಿರ ಕರೆದು, “ಮೊದಲ ಎಳಿ ಮುತ್ತೈದೇರ ಕೈಲೆ ಆಗಲಿ, ಸುನಂದಾ. ನಾಳಿ ಏನರೆ ಹೆಚ್ಚುಕಮ್ಮಿ ಆದ್ರ ಜೀವಕ್ಕ ಹತ್ತತದ” ಎಂದರು, ಅಷ್ಟೇ.

ನಾನು ಎಂ.ಎ. ಓದಿದವಳು. ಹತ್ತನೆಯ ತರಗತಿಗೆ ಸಮಾನತೆಯ ಪಾಠ ಮಾಡುವಾಗ ನನ್ನ ಗಂಟಲು ಗದ್ಗದವಾಗುತ್ತಿತ್ತು. ‘ಅಂಥ ಮಾತು ಆಡಬ್ಯಾಡ್ರಿ ದೊಡ್ಡವ್ವ’ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಮಗಳ ಮದುವೆ ಎಂದರೆ ಹೆದರಿಕೆ ಎಲ್ಲಿಂದಲೋ ಬಂದು ಕೂಡುತ್ತದೆ. ಹೆದರಿದೆ. ಹೆದರಿದ್ದನ್ನು ಮುಚ್ಚಿಕೊಳ್ಳಲು ಜಾಣತನ ಮಾಡಿದೆ. ವೈನಿಯ ಹತ್ತಿರ ಹೋಗಿ, ನಕ್ಕು, ಎಲ್ಲರಿಗೂ ಕೇಳುವ ಹಾಗೆ ಅಂದೆ:

“ವೈನಿ, ನಿಮ್ಮ ಕೈ ಚಹಾ ಅಂದ್ರ ಎಲ್ಲಾರಿಗೂ ಭಾಳ ಸೇರ್ತದ. ನೀವು ಜರಾ ಒಳಗ ಹೋಗಿ ಚಹಾ ಮಾಡ್ತೀರೇನ್ರಿ?”

ವೈನಿ ನನ್ನ ಮುಖ ನೋಡಿದರು. ಆಮೇಲೆ ದೊಡ್ಡವ್ವನ ಮುಖ ನೋಡಿದರು. ಕೈಯಲ್ಲಿದ್ದ ಹಿಟ್ಟನ್ನು ನಾದುವ ಪರಾತಕ್ಕೆ ಹಾಕಿ, ಬೆರಳ ಸಂದಿಯಲ್ಲಿ ಹತ್ತಿದ್ದನ್ನೂ ಬಿಡಿಸಿ ಅದಕ್ಕೇ ಹಾಕಿ, ಎದ್ದು ಒಳಗೆ ಹೋದರು. ಇಪ್ಪತ್ತೆರಡು ಕಪ್ ಚಹಾ ಮಾಡಿ ಎಲ್ಲರಿಗೂ ಕೊಟ್ಟರು. ಬಹಳ ಚೆನ್ನಾಗಿತ್ತು. ಎಲ್ಲರೂ ಹೊಗಳಿದರು, ನಾನು ಎಲ್ಲರಿಗಿಂತ ಹೆಚ್ಚು ಹೊಗಳಿದೆ. ಮಧ್ಯಾಹ್ನ ನೋಡಿದರೆ ವೈನಿ ಇರಲಿಲ್ಲ, ಎರಡು ಗಂಟೆಯ ಬಸ್ಸಿಗೆ ಹೋಗಿದ್ದರು. ಮಣೆ ಇಲ್ಲೇ ಉಳಿದಿತ್ತು. ಮದುವೆಗೆ ಬರಲಿಲ್ಲ. ನಾನು ಕರೆಯಲು ಹೋಗಲಿಲ್ಲ, ಯಾವ ಮುಖ ಇಟ್ಟುಕೊಂಡು ಹೋಗಲಿ? ಮಣೆಯನ್ನು ಅಟ್ಟದ ಮೇಲೆ ಹಾಕಿಸಿದೆ. ವರ್ಷಕ್ಕೊಮ್ಮೆ ಅಟ್ಟ ಸ್ವಚ್ಛ ಮಾಡುವಾಗ ಅದರ ಮೇಲೆ ಚಾದರ ಹೊದಿಸಿ ಬರುತ್ತಿದ್ದೆ. ಬೈದಿದ್ದರೆ ಒಂದು ದಿನ ಕ್ಷಮೆ ಕೇಳಬಹುದಿತ್ತು. ಹೊಗಳಿ ಎಬ್ಬಿಸಿದ್ದಕ್ಕೆ ಏನೆಂದು ಕೇಳುವುದು?

ಎರಡನೆಯ ಬಟ್ಟಲಿಗೆ ನಾನೊಬ್ಬಳೇ ಆಟೋದಲ್ಲಿ ಹೋದೆ. ಗುರುವಾರ. ಪಾಠದ ಟಿಪ್ಪಣಿ ಬರೆದು ರೂಢಿಯಾದವಳಲ್ಲವೇ, ಹೇಳಬೇಕಾದ ಮಾತನ್ನು ಒಂದು ಚೀಟಿಯ ಮೇಲೆ ಬರೆದುಕೊಂಡಿದ್ದೆ. ಅದರಲ್ಲಿ ‘ಅಂದಿನ ಸಂದರ್ಭದ ಒತ್ತಡದಿಂದಾಗಿ’ ಎಂಬ ಸಾಲಿತ್ತು. ವಿದ್ಯಾರ್ಥಿ ಬರೆದಿದ್ದರೆ ಕೆಂಪು ಮಸಿಯಲ್ಲಿ ಹೊಡೆದುಹಾಕುತ್ತಿದ್ದೆ.

ಅಂಗಡಿಯ ಮುಂದೆ ರೇಣುಕಾ ನಿಂತಿದ್ದಳು. ನನ್ನ ಬಗಲಲ್ಲಿ ಬೆಳೆದ ಹುಡುಗಿ. ನಾನೇ ಅಕ್ಷರ ತಿದ್ದಿಸಿದವಳು. ನನ್ನ ಮುಖ ನೇರವಾಗಿ ನೋಡಿ, “ಒಂದ ಸೂಪೇನ್ರಿ? ಹೆಸರು ಹೇಳ್ರಿ” ಎಂದಳು.

“ಸುನಂದಾ” ಎಂದೆ.

ಫೋನಿನಲ್ಲಿ ಒತ್ತಿಕೊಂಡಳು. ನಾನು ಹೋಗಿ ಅದೇ ಮೂಲೆಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅಷ್ಟೂ ಗದ್ದಲದ ಮೇಲೆ ಅವಳ ಧ್ವನಿ ಕೇಳಿತು: “ಸುನಂದಾ ಮೇಡಂ, ಒಂದ್ ಸೂಪ್!”

ಉಗಿಯ ಹಿಂದಿನಿಂದ ವೈನಿ ತಲೆ ಎತ್ತಿದರೋ ಇಲ್ಲವೋ ನೋಡುವ ಧೈರ್ಯವಾಗಲಿಲ್ಲ. ಮೇಜಿನ ಮೇಲೆ ಯಾರೋ ಚೆಲ್ಲಿದ್ದ ಸಾಸಿನ ಕಲೆಯನ್ನು ನೋಡುತ್ತ ಕೂತೆ. ಕಡೆಗೆ ರೇಣುಕಾಳೇ ಬಟ್ಟಲು ತಂದು ಮುಂದಿಟ್ಟು ಹೋದಳು. ತಿಂದೆ. ಅವತ್ತು ರುಚಿ ತಿಳಿಯಿತು. ಬೆಳ್ಳುಳ್ಳಿ, ಮೆಣಸಿನ ಪುಡಿ, ಟೊಮೆಟೊ, ಸಣ್ಣಗೆ ಹೆಚ್ಚಿದ ಎಲೆಕೋಸು. ಹೆಸರಿಗೆ ಸೂಪು, ನಾಲಿಗೆಗೆ ನಮ್ಮ ಕಮಲಾಪುರದ ಅಡುಗೆಮನೆಯ ಸಾರು. ಎಳೆ ಎಷ್ಟು ಉದ್ದ ಎಳೆದರೂ ಹರಿಯಲಿಲ್ಲ. ಚೀಟಿಯನ್ನು ಮೂರು ಸಲ ಓದಿದೆ, ನಾಲ್ಕು ಸಲ ಎದ್ದೆ, ನಾಲ್ಕು ಸಲ ಕೂತೆ. ಪಕ್ಕದ ಮೇಜಿನ ಹುಡುಗಿಯರು ನನಗೆ ಸೊಂಟ ನೋವೆಂದು ತಿಳಿದಿರಬೇಕು. ಹಾಗೇ ಮನೆಗೆ ಬಂದೆ.

“ಈ ಬಿಸಲಾಗ ಸೂಪ ಕುಡದು ಕುಡದು ಒಂದಿನ ಕುಕ್ಕರ್ ಸೀಟಿ ಹೊಡದಂಗ ಹೊಡೀತಿ” ಎಂದರು ನಮ್ಮ ಮನೆಯವರು. ಆಮೇಲೆ, ನಗುವುದನ್ನು ಬಿಟ್ಟು, “ಮಾತಾಡ್ದೇನು?” ಎಂದು ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಪಲ್ಲವಿ ಎದ್ದು ಒಳಗೆ ಹೋದಳು.

ಶುಕ್ರವಾರ ಧೈರ್ಯವಾಗಲಿಲ್ಲ, ಉಳಿದದ್ದು ಶನಿವಾರ ಒಂದೇ. ಭಾನುವಾರ ಅಂಗಡಿ ರಜೆ, ಸೋಮವಾರ ಶಾವಿಗೆ. ಚೀಟಿ ಹರಿದು ಹಾಕಿ ಹೋದೆ. ಮತ್ತೆ ಹೆಸರು ಹೇಳಿದೆ, ಮತ್ತೆ ನನ್ನ ಹೆಸರು ಕೂಗಿದರು, ಮತ್ತೆ ಮೇಜು ನೋಡುತ್ತ ಕೂತೆ. ಬಟ್ಟಲು ಬಂತು. ನನ್ನ ಎದುರಿನ ಮೇಜಿನಲ್ಲಿ ಒಬ್ಬ ಹುಡುಗಿ ಕೂಗಿದಳು:

“ರೇಣು ಅಕ್ಕಾ, ಜರಾ ಇನ್ನಷ್ಟು ಕೊತಂಬ್ರಿ ಹಾಕ್ರಿ!”

ಕೊತ್ತಂಬರಿ? ನಾನು ಆ ಹುಡುಗಿಯ ಬಟ್ಟಲು ನೋಡಿದೆ. ಮೇಲೆಲ್ಲ ಹಸಿರು. ಅವಳ ಗೆಳತಿಯರ ಬಟ್ಟಲು ನೋಡಿದೆ. ಹಸಿರು. ಸುತ್ತಲಿನ ಮೇಜುಗಳನ್ನು ಕತ್ತು ಚಾಚಿ ನೋಡಿದೆ. ಎಲ್ಲ ಬಟ್ಟಲೂ ಹಸಿರು. ನನ್ನದರಲ್ಲಿ ಹೆಸರಿಗೊಂದು ಎಲೆಯೂ ಇಲ್ಲ. ಅರವತ್ತು ವರ್ಷ ಸೊಪ್ಪು ಆರಿಸಿದ ಕೈ ಮೂರು ಬಟ್ಟಲು ಸೂಪಿನಲ್ಲಿ ಒಮ್ಮೆಯೂ ಅಂಚಿಗೆ ಹೋಗಿರಲಿಲ್ಲ, ಅದು ನನಗೆ ಹೊಳೆದೇ ಇರಲಿಲ್ಲ.

ರೇಣುಕಾ ಹತ್ತಿರ ಬಂದಾಗ ಕೇಳಿದೆ.

“ನನ್ನದರಾಗ ಯಾಕ ಕೊತಂಬ್ರಿ ಇಲ್ಲವ?”

ಅವಳು ಹಿಂದೆ ತಿರುಗಿ ಅವ್ವನ ಕಡೆ ಒಮ್ಮೆ ನೋಡಿ, ಧ್ವನಿ ಇಳಿಸಿದಳು. “ಅವ್ವ ಹೇಳಬ್ಯಾಡ ಅಂದಾಳ್ರಿ, ಅತ್ತಿ. ನೀವು ಬಂದ್ರ ಅವ್ವ ಮಣಿ ಬಿಟ್ಟು ಎದ್ದು ಬಂದು ತಾನೇ ನಿಮ್ಮ ಬಟ್ಟಲ ತುಂಬತಾಳ. ಮೊದಲನೇ ದಿನದಿಂದಾನೂ.”

ಮೇಡಂ ಎನ್ನುತ್ತಿದ್ದವಳು ಅತ್ತಿ ಎಂದಳು. ಆ ಮೂಲೆಯಿಂದ ಆ ಮಣೆಯವರೆಗೆ ಇಪ್ಪತ್ತು ಹೆಜ್ಜೆ ಇರಬಹುದು. ಹೇಗೆ ನಡೆದೆನೋ ಗೊತ್ತಿಲ್ಲ, ಹೋಗಿ ವೈನಿಯ ಮುಂದೆ ನಿಂತಿದ್ದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈ ಮಾತ್ರ ಓಡುತ್ತಿತ್ತು. ತಲೆ ಎತ್ತಲಿಲ್ಲ.

“ಸೂಪ ಆರ್ತದ. ಹೋಗಿ ತಿನ್ನು” ಎಂದರು.

“ವೈನಿ, ಸೋಮವಾರ ಪಲ್ಲವಿ ಶಾವಿಗಿ ಅದ. ಮೊದಲ ಎಳಿ ನಿಮ್ಮ ಕೈಲೆ ಆಗಬೇಕ್ರಿ. ಅವತ್ತ ನಾ ತಪ್ಪ ಮಾಡ್ದೆ.”

ಕೈ ನಿಲ್ಲಲಿಲ್ಲ. ಎಳೆ ಇಳಿಯುತ್ತಲೇ ಇತ್ತು, ಕೆಳಗಿನ ಪರಾತದಲ್ಲಿ ಸುರುಳಿಯಾಗುತ್ತಿತ್ತು. ನನ್ನ ಹಿಂದೆ ಯಾರೋ ಮೋಮೊ ಬೇಗ ಕೊಡಿರೆಂದು ಕೂಗುತ್ತಿದ್ದರು. ನಾನು ನಿಂತೇ ಇದ್ದೆ.

“ಅವತ್ತ ಇಪ್ಪತ್ತ ಮಂದಿ ಹೆಣಮಕ್ಕಳ ಮುಂದ ಎಬ್ಬಿಸಿದಿ” ಎಂದರು ವೈನಿ ಕಡೆಗೆ. ಸಿಟ್ಟಿರಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. “ಇವತ್ತ ಯಾರೂ ಗುರುತಿಲ್ಲದ ಮಂದ್ಯಾಗ ಬಂದು ತಪ್ಪಾತು ಅಂತಿ. ಇದು ಇಲ್ಲಿ ಬ್ಯಾಡ. ಎಲ್ಲಿ ಎಬ್ಬಿಸಿದಿ, ಅಲ್ಲೇ ಕೂಡಸು.”

“ಬರ್ತೀರಲ್ಲ ವೈನಿ?”

“ನೋಡಮು” ಎಂದರು. ಹಿಟ್ಟಿನ ಹೊಸ ಉಂಡೆ ತೆಗೆದುಕೊಂಡರು. ಮಾತು ಮುಗಿದಿತ್ತು. ನಾನು ಹಿಂದಿರುಗಿ ಬಂದು ಆರಿದ ಸೂಪನ್ನು ಒಂದು ಹನಿ ಬಿಡದೆ ತಿಂದೆ.

ಸೋಮವಾರ ಬೆಳಿಗ್ಗೆ ಮಣೆಯನ್ನು ಅಟ್ಟದಿಂದ ಇಳಿಸಿ, ಒರೆಸಿ, ಎಣ್ಣೆ ಹಚ್ಚಿ ನಡುಮನೆಯಲ್ಲಿ ಹಾಕಿದೆ. ಓಣಿಯ ಹೆಂಗಸರು ಬಂದರು. ದೊಡ್ಡವ್ವ ಬಂದು ಅದೇ ಗೋಡೆಗೆ ಒರಗಿದರು, ಈಗ ಕೈಯಲ್ಲಿ ಕೋಲು ಬಂದಿದೆ. ಹಿಟ್ಟು ನಾದಿ ಒದ್ದೆ ಅರಿವೆ ಮುಚ್ಚಿಟ್ಟಾಯಿತು. ಎಂಟೂವರೆ ಆಯಿತು. ಒಂಬತ್ತಾಯಿತು. ಕಮಲಾಪುರದ ಎರಡು ಬಸ್ಸು ಇಷ್ಟರಲ್ಲಿ ಬಂದಿರಬೇಕೆಂದು ನಾನು ಲೆಕ್ಕ ಹಾಕುತ್ತಿದ್ದೆ. ಅರಿವೆಗೆ ಎರಡು ಸಲ ನೀರು ಚಿಮುಕಿಸಿದೆ.

“ಹಿಟ್ಟ ಹದ ತಪ್ಪತದ, ಸುನಂದಾ. ಯಾರರೆ ಕೂಡ್ರಿ” ಎಂದರು ದೊಡ್ಡವ್ವ.

ಮೂಲೆಯಲ್ಲಿ ನಿಂತ ಪಲ್ಲವಿ ನನ್ನನ್ನೇ ನೋಡುತ್ತಿದ್ದಳು. “ಜರಾ ತಡೀರಿ” ಎಂದೆ. ಒಂಬತ್ತೂ ಕಾಲು. ಮೂರನೆಯ ಸಲ ನೀರು ಚಿಮುಕಿಸಲು ಹೋದಾಗ ಗೇಟು ಸಪ್ಪಳವಾಯಿತು.

ವೈನಿ ಹೊಸ್ತಿಲ ಹೊರಗೆ ನಿಂತಿದ್ದರು, ಹಿಂದೆ ರೇಣುಕಾ. ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚಿಪ್ಪು. ಒಳಗೆ ಬರಲಿಲ್ಲ.

ದೊಡ್ಡವ್ವ ನಿಜವಾದ ಪ್ರೀತಿಯಿಂದಲೇ ಕರೆದರು, ಅದನ್ನು ನಾನು ಹೇಳಲೇಬೇಕು. “ಬಾರವ್ವ ನೀಲಮ್ಮ. ದಣದು ಬಂದೀ. ಒಳಗ ಹೋಗಿ ಕೂಡು, ಜರಾ ಚಹಾ ಗಿಹಾ...”

ಅದೇ ಮಾತು, ಅದೇ ಗೋಡೆ. ವೈನಿ ದೊಡ್ಡವ್ವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಹೈಸ್ಕೂಲಿನ ಮೈದಾನದಲ್ಲಿ ಮೈಕು ಕೆಟ್ಟರೂ ಎಂಟುನೂರು ಮಕ್ಕಳಿಗೆ ಕೇಳುವ ಹಾಗೆ ಮಾತಾಡಿದ ಗಂಟಲು ನನ್ನದು, ಅದರಿಂದ ಆ ಹೊತ್ತಿಗೆ ಬಂದದ್ದು ಒಡೆದ ಧ್ವನಿ.

“ಇಲ್ರಿ ದೊಡ್ಡವ್ವ. ವೈನಿ ಒಳಗ ಹೋಗೂದಿಲ್ಲ. ಅವತ್ತ ಚಹಾದ ನೆವ ಮಾಡಿ ನಾನೇ ಅವರನ್ನ ಈ ಮಣಿ ಮ್ಯಾಲಿಂದ ಎಬ್ಬಿಸಿದೆ. ನಾ ಮಾಡಿದ್ದು ತಪ್ಪು, ನಿಮ್ಮೆಲ್ಲಾರ ಮುಂದ ಹೇಳ್ತೀನಿ. ವೈನಿ, ಬರ್ರಿ. ಇದು ನಿಮ್ಮ ಮಣಿ. ನನ್ನ ಮಗಳ ಮೊದಲ ಎಳಿ ನೀವೇ ತೆಗೀರಿ.”

ದೊಡ್ಡವ್ವ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಪಲ್ಲವಿ ಹೋಗಿ ಅತ್ತೆಯ ಕೈಯಿಂದ ಬಾಳೆಹಣ್ಣು ತೆಗೆದುಕೊಂಡು ಕೈ ಹಿಡಿದಳು.

ವೈನಿ ಒಳಗೆ ಬಂದರು. ಸೆರಗು ಸಿಕ್ಕಿಸಿದರು, ಕೈ ತೊಳೆದರು, ಮಣೆಯ ಮೇಲೆ ಕೂತು ಅದರ ಗೆರೆಗಳ ಮೇಲೆ ಅಂಗೈ ಆಡಿಸಿದರು. ಹಿಟ್ಟು ಹಿಸುಕಿ ಹದ ನೋಡಿದರು. ಎರಡು ಸಲ ಕೈ ಹಿಂದೆ ಮುಂದೆ ಹೋಯಿತು, ಕಿರುಬೆರಳು ಮೇಲೆದ್ದಿತು, ಎಳೆ ಇಳಿಯತೊಡಗಿತು. ಕೆಳಗೆ ಪಲ್ಲವಿ ಅರಿಶಿನದ ಕೊಂಬು ಹಿಡಿದು ಕೂತಿದ್ದಳು.

“ಎಳೀಬ್ಯಾಡವ, ತಾನೇ ಬರ್ತದ” ಎಂದರು ಅವಳಿಗೆ. ಆಮೇಲೆ ತಲೆ ಎತ್ತದೆ, ನನಗೆ: “ಮತ್ತ ಚಹಾ ಯಾರು ಮಾಡ್ತಾರ?”

“ನಾ ಮಾಡ್ತೀನ್ರಿ” ಎಂದು ಒಳಗೆ ಓಡಿದೆ.

ಎಲ್ಲರಿಗೂ ಚಹಾ ಒಬ್ಬಳೇ ಮಾಡಿದೆ. ಹಾಲು ಉಕ್ಕಿಸಿದೆ, ಶುಂಠಿಯ ಜೊತೆ ಬೆರಳೂ ಜಜ್ಜಿಕೊಂಡೆ. ಹಿರಿತನದ ಲೆಕ್ಕದಲ್ಲಿ ಮೊದಲ ಕಪ್ಪು ದೊಡ್ಡವ್ವನಿಗೆ ಹೋಗಬೇಕಿತ್ತು, ನಾನು ಅದನ್ನು ಮಣೆಯ ಹತ್ತಿರ ಒಯ್ದೆ. ವೈನಿ ಎರಡೂ ಕೈ ತೋರಿಸಿದರು. ಮೊಣಕೈವರೆಗೆ ಹಿಟ್ಟು.

“ಕೈ ಖಾಲಿ ಇಲ್ಲ. ಕುಡಸು” ಎಂದರು.

ನಾನು ಕಪ್ಪಿನ ಕೆಳಗಿನ ಬಸಿಗೆ ಸುರುವಿದೆ. ಊದಿ ಆರಿಸಿದೆ. ಮಣೆಯ ಪಕ್ಕ ಮಂಡಿಯೂರಿ ಕೂತು ಬಸಿಯನ್ನು ಅವರ ತುಟಿಗೆ ಹಿಡಿದೆ. ಅರ್ಧ ಬಸಿ ನನ್ನ ಸೆರಗೇ ಕುಡಿಯಿತು. ಉಳಿದದ್ದನ್ನು ವೈನಿ ನಿಧಾನವಾಗಿ ಕುಡಿದು ಮುಗಿಸಿ, ಏಳು ವರ್ಷದಲ್ಲಿ ಮೊದಲ ಸಲ ಇಷ್ಟು ಹತ್ತಿರದಿಂದ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.

“ಸಕ್ರಿ ಹಾಕೂದೇ ಮರ್ತೀದಿ, ಸುನಂದಾ” ಎಂದರು. “ಇರಲಿ, ಇನ್ನೊಂದ ಬಸಿ ಹಾಕು.”